ಚಿಕ್ಕಯ್ಯನಿಗೆ ಬೇಕಿದ್ದ ಒಂದು ಈಡೇರದ ಕನಸು

ಕನಸು ಈಡೇರಲಿಲ್ಲವೆಂದು ಮೂಗು ಒರೆಸಿಕೊಳ್ಳುವವರನ್ನು ನೀವು ಬೇಕಾದಷ್ಟು ಕಂಡಿರಬಹುದು. ಕಂಡ ಕನಸೆಲ್ಲ ಈಡೇರಿಹೋಯಿತಲ್ಲಪ್ಪಾ ಎಂದು ತಲೆಯ ಮೇಲೆ ಕೈಹೊತ್ತು ಕೂತವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ! ಅವರು ನನ್ನ ಚಿಕ್ಕಯ್ಯ, ಅಂದರೆ ನನ್ನಮ್ಮನ ತಂಗಿಯ ಗಂಡ. ಬೈಂದೂರು ಕಡೆಯ ಕಡಲ ಕರೆಯಲ್ಲಿ, ಅಂದರೆ ದಂಡೆಯಲ್ಲೇ, ಮನೆ. ಕಸುಬು ಮೀನು ವ್ಯಾಪಾರ. ಹುಚ್ಚು ಕವನದ್ದು. ಅದೂ ಎಂಥ ಕವನ? ಬರೀ ಈಡೇರದ ಕನಸಿನ ಕವನ!

ಇಷ್ಟಕ್ಕೂ ಈ ಮನುಷ್ಯನಿಗೆ ಸ್ವಂತದ್ದು ಎನ್ನುವಂಥ ದುಃಖ ಹೆಸರಿಗೂ ಇರಲಿಲ್ಲ. ಮೀನುಗಾರರ ಮನೆಯಲ್ಲಿ ಹುಟ್ಟಿದರೂ ದೋಣಿ ಹತ್ತಿದರೆ ಸಾಕು, ಕರೆ ಬಿಡುವ ಮೊದಲೇ ವಾಂತಿ. ಒಂದೇ ಒಂದು ಸಲ ಅಣ್ಣಂದಿರ ಜೊತೆ ಬಲೆಗೆ ಹೋಗಿ, ಹೊಟ್ಟೆಯಲ್ಲಿದ್ದ ಗಂಜಿಯನ್ನೆಲ್ಲ ಮೀನುಗಳಿಗೆ ಉಣಬಡಿಸಿ ಬಂದರಂತೆ. 'ದೇವ್ರೇ, ನಂಗ್ ನೆಲದ ಮೇಲೇ ಒಂದ್ ಕೆಲ್ಸ ಕೊಡ್' ಎಂದು ಬೇಡಿಕೊಂಡರು. ದೇವರು ಕೂಡಲೇ ಕೊಟ್ಟ. ಮೊಪೆಡ್ ಬೇಕೆಂದರು. ತೊಂಬತ್ತೇಳರ ಸುಮಾರಿಗೆ ಅದೂ ಬಂತು. ಇನ್ನು ಮದುವೆ. ನನ್ನ ಚಿಕ್ಕಿಯನ್ನು ಕಂಡು ಮನಸ್ಸಾದಾಗ, ಅಜ್ಜಯ್ಯ ಹೇಗೂ ಹೆಣ್ಣು ಕೊಡಲಿಕ್ಕಿಲ್ಲ ಎಂಬ ಧೈರ್ಯದಲ್ಲಿ ವಿರಹದ ಪದ್ಯಗಳನ್ನು ಮುಂಗಡವಾಗಿಯೇ ಬರೆದಿಟ್ಟುಕೊಂಡಿದ್ದರು. ಅಜ್ಜಯ್ಯ ಎಲೆಗೆ ಸುಣ್ಣ ಹಚ್ಚುತ್ತಾ 'ಅದಕ್ಕೆಂತ, ಬಪ್ಪ ವಾರವೇ ಮಾತಾಡ್ವ' ಎಂದುಬಿಟ್ಟರು. ಪದ್ಯಗಳೆಲ್ಲ ದಂಡ!

ಹೀಗೆ ಸುಖದಲ್ಲಿ ಮುಳುಗಿದ್ದವರು ದುಃಖವನ್ನು ಬರೆಯುವುದೆಂದರೆ ಸಸಾರವೇ? ಅದಕ್ಕೇ ಚಿಕ್ಕಯ್ಯ ಹೋಲಿಕೆಗಳಿಗೆ ಜೋತುಬಿದ್ದರು. ಆದರೆ ಮೀನು ವ್ಯಾಪಾರಿ ಅಲ್ಲವೇ, ಮುಟ್ಟಿ ಒತ್ತಿ ನೋಡದೆ ಯಾವ ಮಾಲನ್ನೂ ಬುಟ್ಟಿಗೆ ಹಾಕುವವರಲ್ಲ. ಕವಿಗಳೆಲ್ಲ 'ಕನಸು ಗಾಜಿನಂತೆ ಒಡೆಯಿತು' ಎಂದು ಬರೆಯುತ್ತಾರಲ್ಲ, ಗಾಜು ನಿಜಕ್ಕೂ ಹೇಗೆ ಒಡೆಯುತ್ತದೆ ಎಂದು ನೋಡಬೇಕೆನಿಸಿತು. ಲಾಟೀನಿನ ಚಿಮಣಿ ಗಾಜನ್ನು ತಂದು ಅಂಗಳದಲ್ಲಿ ಕೈಬಿಟ್ಟರು. ಮಣ್ಣಿನ ಅಂಗಳ, ಗಾಜು ಒಂದು ಸುತ್ತು ಉರುಳಿ ತಣ್ಣಗೆ ಮಲಗಿತು. 'ಥತ್, ಇವ್ರೆಲ್ಲ ಸುಳ್ಳ್ ಬರಿತ್ರ್!' ಎಂದು ಮತ್ತೊಮ್ಮೆ ಕಲ್ಲಿನ ಮೇಲೆ ಬಿಟ್ಟರು. ಈಗ ಫಳಾರೆಂದು ಒಡೆಯಿತು. ಚಿಕ್ಕಿ ಗುಡಿಸಲು ಹಿಡಿಸೂಡಿ ಹಿಡಿದುಕೊಂಡೇ ಹೊರಬಂದಳು.

"ಕನ್ಸ್ ಒಡದ್ರೆ ಒಡೀಲಿ. ಸಂಜಿಗ್ ಕರೆಂಟ್ ಹೋರೆ ಎಂತ ಮಾಡೂದ್? ನಿಮ್ ಕವನ ಹಚ್ಚಿ ಇಡೂದಾ?"

ಚಿಕ್ಕಿಯ ಬಾಯಿ ಅಂಥದ್ದು. ಆದರೂ ಗಂಡನ ಹುಚ್ಚಿಗೆ ಅವಳು ಯಾವತ್ತೂ ಅಡ್ಡ ನಿಂತವಳಲ್ಲ. ಬೆಳಿಗ್ಗೆ ದೋಣಿ ಬರುವ ಹೊತ್ತಿಗೆ ಬುಟ್ಟಿ ಹಿಡಿದು ಕರೆಯಲ್ಲಿ ಕಾಯುವವಳು ಅವಳು, ಮೀನು ಆರಿಸಿ ಮೊಪೆಡ್ಡಿನ ಪೆಟ್ಟಿಗೆಗೆ ತುಂಬುವವಳು ಅವಳು, ಐಸ್ ಪುಡಿ ಮಾಡಿ ಮೇಲೆ ಸುರಿಯುವವಳೂ ಅವಳೇ. ಚಿಕ್ಕಯ್ಯನ ಕೆಲಸ ಪೊಂಯ್ ಪೊಂಯ್ ಹಾರ್ನ್ ಹಾಕುತ್ತಾ ಬಿಜೂರು, ಅದರಾಚೆಯ ಹಳ್ಳಿಗಳೆಂದು ಸುತ್ತುವುದು. ಸುತ್ತುವಾಗಲೂ ಬಾಯಿ ಸುಮ್ಮನಿರಬೇಕಲ್ಲ!

"ಅಮಾ, ಈ ಬಂಗ್ಡೆ ಕಣ್ಣ್ ಕಾಣಿ! ಮದಿಗ್ ಮುಂಚಿನ್ ಹೆಣ್ಣಿನ ಕನಸಿನ್ ಹಾಂಗೆ ಹೊಳಿತಿತ್ತಲೆ!"

"ಕನ್ಸೆಲ್ಲ ನಂಗ್ ಬೇಡ ಮಾರಾಯಾ. ಕಿವಿರ್ ಎತ್ತಿ ತೋರ್ಸ್."

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಚಿಕ್ಕಯ್ಯನ ಕಾವ್ಯ ನನ್ನ ಮದುವೆಗೂ ಕಾಲಿಟ್ಟಿತು! ಆ ಕಾಲದಲ್ಲಿ ನಮ್ಮ ಕಡೆ ಮದುವೆಯೆಂದರೆ ವಧೂವರರಿಗೆ ಶುಭ ಕೋರುವ ಪದ್ಯವೊಂದನ್ನು ಗುಲಾಬಿ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ ಹಂಚುವುದಿತ್ತು. ಮನೆಯಲ್ಲೇ ಕವಿ ಇರುವಾಗ ಬೇರೆಯವರ ಹತ್ತಿರ ಯಾಕೆ ಹೋಗಬೇಕು ಎಂದರು ಅಪ್ಪಯ್ಯ. ತೆಕ್ಕಟ್ಟೆಯ ಮದುವೆ ಹಾಲಿನಲ್ಲಿ, ಧಾರೆ ಮುಗಿದು ಜನ ಊಟಕ್ಕೆ ಏಳುವ ಹೊತ್ತಿಗೆ ಕಾಗದ ಹಂಚಿದರು. ಮೊದಲ ಸಾಲು ಚೆನ್ನಾಗಿಯೇ ಇತ್ತು, 'ಮಂಗಳವಾಗಲಿ ಮದುಮಕ್ಕಳಿಗೆ' ಎಂದು. ಎರಡನೆಯ ಸಾಲಿನಿಂದ ಶುರುವಾಯಿತು ನೋಡಿ: ತೂತು ಬಿದ್ದ ಕೊಡದಲ್ಲಿ ತುಂಬಿದ ನೀರಿನಂಥ ಕನಸು, ತಪ್ಪಿಹೋದ ಕೊನೆಯ ಬಸ್ಸಿನಂಥ ಕನಸು, ಬೆಕ್ಕು ಕಚ್ಚಿಕೊಂಡು ಹೋದ ಅಂಜಲ್ ಮೀನಿನಂಥ ಕನಸು!

ಸಿದ್ದಾಪುರದಿಂದ ಬಂದಿದ್ದ ಗಂಡಿನ ಕಡೆಯವರು ಕಾಗದ ಓದಿ ಮುಖ ಮುಖ ನೋಡಿಕೊಂಡರು. ನನ್ನ ಅತ್ತೆಯವರ ಅಕ್ಕ, ಮುಂಬೈಯಲ್ಲಿದ್ದವರು, ಸೀದಾ ಅಮ್ಮನ ಹತ್ತಿರ ಬಂದರು. "ಹ್ವಾಯ್, ಈ ತಪ್ಪಿಹೋದ ಬಸ್ಸ್ ಯಾರ್? ಹೆಣ್ಣಿಗ್ ಮುಂಚೆ ಎಂತಾರೂ ಇದ್ದಿತ್ತಾ?" ಅಮ್ಮ ಚಿಕ್ಕಯ್ಯನನ್ನು ಹುಡುಕಿದರು. ಚಿಕ್ಕಯ್ಯ ಪಾಯಸ ಬಡಿಸುತ್ತಾ, 'ಅಂಜಲ್ ಸಾಲ್ ಹ್ಯಾಂಗಿತ್ತ್?' ಎಂದು ಪಂಕ್ತಿಯುದ್ದಕ್ಕೂ ಕೇಳಿಕೊಂಡು ಬರುತ್ತಿದ್ದರು. ನನ್ನ ಗಂಡ ಇವತ್ತಿಗೂ ಜಗಳವಾದಾಗ 'ನಿನ್ನ ಕೊನೇ ಬಸ್ಸಿಗೇ ಹೋಗಬೇಕಿತ್ತು ನೀನು' ಅನ್ನುತ್ತಾರೆ.

ಇಂಥ ಚಿಕ್ಕಯ್ಯನಿಗೆ ಒಂದು ಆಸೆಯಿತ್ತು. ಬ್ರಹ್ಮಾವರದಲ್ಲಿ ವರ್ಷಕ್ಕೊಮ್ಮೆ ಒಂದು ಕವಿಗೋಷ್ಠಿ ನಡೆಯುತ್ತಿತ್ತು. ಮೈಕು, ಹಾರ, ಪ್ಲಾಸ್ಟಿಕ್ ಕುರ್ಚಿ, ಉಪ್ಪಿಟ್ಟು, ಎಲ್ಲ ಇರುವ ಗೋಷ್ಠಿ. ಅದರ ವೇದಿಕೆ ಹತ್ತಿ ಒಮ್ಮೆ ಓದಬೇಕು. ವರ್ಷವೂ ಕವನ ಕಳಿಸುವುದು, ವರ್ಷವೂ ವಾಪಸು ಬರುವುದು. ಕೊನೆಗೊಮ್ಮೆ, ಗೋಷ್ಠಿ ನಡೆಸುವ ನಿವೃತ್ತ ಮೇಷ್ಟ್ರನ್ನು ಮನೆಗೇ ಹೋಗಿ ಕಂಡರು. ಮೇಷ್ಟ್ರು ಒಳ್ಳೆಯವರು, ಚಾ ಕೊಟ್ಟು ಹೇಳಿದರು: "ನಿಮ್ಮ ಹೋಲಿಕೆ ಎಲ್ಲ ಲಾಯ್ಕ್ ಇತ್ತ್ ಮಾರಾಯ್ರೆ. ಆದ್ರೆ ಒಳಗೆ ಕನಸು ಯಾರದ್ದೂ ಅಲ್ಲ. ಖಾಲಿ ಪೆಟ್ಟಿಗೆ ಮೇಲೆ ಐಸ್ ಸುರಿದ ಹಾಂಗೆ ಆಯಿತ್. ಈ ಸಲ ವಿಷಯವೇ ಈಡೇರದ ಕನಸು. ನಿಮ್ಮ ಹೆಸರು ಹಾಕ್ತೆ. ಒಂದು ನಿಜದ್ದು ಬರೆದು ತನ್ನಿ."

ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಬಂತು! ಚಿಕ್ಕಯ್ಯ ಅದನ್ನು ಮೀನು ಕೊಳ್ಳುವ ಮನೆಮನೆಗೂ ತೋರಿಸಿದರು. ತೋರಿಸಿದ್ದೇನೋ ಆಯಿತು, ನಿಜದ್ದೊಂದು ಈಡೇರದ ಕನಸು ಎಲ್ಲಿಂದ ತರುವುದು? ಮೊದಲು ಸ್ವಂತಕ್ಕೇ ಒಂದು ಮಾಡಿಕೊಳ್ಳಲು ನೋಡಿದರು. ಯುವಕ ಮಂಡಲದವರ ಲಕ್ಕಿ ಡ್ರಾದಲ್ಲಿ ಮೊದಲ ಬಹುಮಾನ ಸೈಕಲ್. ಊರಿಗೆ ಊರೇ ಚೀಟಿ ತೆಗೆದಿದೆ, ತನಗೆ ಹೊಡೆಯುವುದುಂಟೇ ಎಂದು ಒಂದು ಚೀಟಿ ತೆಗೆದು, ಸೈಕಲ್ ಬೇಕೇ ಬೇಕೆಂದು ಮನಸಾರೆ ಆಸೆಪಟ್ಟರು. ಡ್ರಾ ದಿನ ಕರೆದದ್ದು ಯಾರ ಹೆಸರನ್ನು? ಚಿಕ್ಕಯ್ಯನದ್ದೇ! ಬಹುಮಾನ ತೆಗೆದುಕೊಳ್ಳುವಾಗ ಅವರ ಮುಖ ನೋಡಬೇಕಿತ್ತು. ಸಾಂತ್ವನ ಹೇಳಲು ಹೋದವರಿಗೆ, "ಸೈಕಲೂ ಸಿಕ್ಕ್‌ತ್ ಮಾರಾಯಾ. ಇನ್ನ್ ನಾನ್ ಎಂತ ಬರೀಲಿ?" ಎಂದರಂತೆ.

ಆಮೇಲೆ ಹೊಳೆದದ್ದು ಬೇರೆಯವರ ಕನಸು ಕೇಳುವ ಉಪಾಯ. ಮೀನು ಕೊಳ್ಳುವ ಪ್ರತಿಯೊಬ್ಬರ ಹತ್ತಿರವೂ, "ನಿಮ್ಗೆ ಜೀವ್ನದಗೆ ಆಗ್ದೇ ಇದ್ದದ್ ಎಂತಾರೂ ಇತ್ತಾ?" ಎಂದು ಕೇಳುವುದು. ಹೇಳಿದವರಿಗೆ ಒಂದು ಬಂಗುಡೆ ಹೆಚ್ಚಿಗೆ. ಅಯ್ಯಯ್ಯೋ, ಬಿಜೂರಿನ ಹೆಂಗಸರಲ್ಲಿ ಅಷ್ಟು ದುಃಖ ಇತ್ತೆಂದು ಯಾರಿಗೆ ಗೊತ್ತಿತ್ತು! ಹಾರ್ನ್ ಕೇಳಿದ್ದೇ ತಡ, ತಟ್ಟೆಯ ಜೊತೆ ಒಂದೊಂದು ನಿಟ್ಟುಸಿರನ್ನೂ ಹಿಡಿದುಕೊಂಡು ಬರತೊಡಗಿದರು. ಅವರಲ್ಲೊಬ್ಬಳು ಅಜ್ಜಿ ಬೇರೆಯವರನ್ನೆಲ್ಲ ಹಿಂದೆ ಹಾಕಿದಳು. ಸೋಮವಾರ ನಾಟಕದಲ್ಲಿ ರಾಣಿಯ ಪಾತ್ರ ಮಾಡಬೇಕೆಂದಿದ್ದೆ ಎಂದು ಅತ್ತಳು. ಮಂಗಳವಾರ ನರ್ಸ್ ಆಗಬೇಕೆಂದಿದ್ದಳು. ಬುಧವಾರ ಕಾಶಿ.

"ಅಲ್ದೇ ಅಜ್ಜೀ, ನಿನ್ನೆ ನರ್ಸ್ ಅಂದ್ರಿ?"

"ಅದ್ ಸುಳ್ಳ್ ಮಗಾ. ಇವತ್ತಿನದ್ ಖರೆ. ಸ್ವಲ್ಪ ದೊಡ್ಡ್ ಮೀನ್ ಹಾಕ್."

ಭಾನುವಾರ ಗೋಷ್ಠಿ. ಬುಧವಾರ ನಾನು ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋದಾಗ ಚಿಕ್ಕಯ್ಯ ಜಗಲಿಯಲ್ಲಿ ಕೆನ್ನೆಗೆ ಕೈಕೊಟ್ಟು ಕೂತಿದ್ದರು. ಮಾತಿಲ್ಲ, ಕತೆಯಿಲ್ಲ. ಆ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದೇ ಅದು ಮೊದಲು. ಚಿಕ್ಕಿ ಅಂಗಳದ ಮೂಲೆಯಲ್ಲಿ ಮೀನು ಕೊಯ್ಯುತ್ತಿದ್ದಳು, ಸುತ್ತ ಬೆಕ್ಕುಗಳು.

"ಊರಿಡೀ ಕೇಳಿದ್ರಿ. ಚಿಕ್ಕಿ ಹತ್ರ ಕೇಳಿದ್ರಾ?" ಎಂದೆ.

ಚಿಕ್ಕಯ್ಯ ನಕ್ಕರು. "ಅವ್ಳಿಗೆಂತ ಕನ್ಸ್? ನಾನೇ ಸಿಕ್ಕಿದಿನಲೆ!" ಆದರೂ ತಮಾಷೆಗೆಂದು ಕೂಗಿದರು, "ಹ್ವಾಯ್, ನಿಂಗ್ ಎಂತಾರೂ ಆಗ್ದೇ ಇದ್ದದ್ ಇತ್ತನಾ?"

"ಇತ್ತಲೆ," ಎಂದಳು ಚಿಕ್ಕಿ. ಮೀನಿನಿಂದ ಕಣ್ಣು ಎತ್ತಲಿಲ್ಲ.

"ಎಂತ?"

"ಒಂದ್ಸಲ ದೋಣಿ ಮೇಲೆ ಹೋಯ್ಕಿತ್ತ್. ಅಲ್ಲಿಂದ ನಮ್ಮನಿ ಹ್ಯಾಂಗ್ ಕಾಂತ್ ಅಂದೇಳಿ ಕಾಣ್ಕಿತ್ತ್."

ನಮ್ಮ ಮನೆಯ ದೋಣಿಗೆ ಹೆಂಗಸರು ಹತ್ತುವ ಕ್ರಮ ಇರಲಿಲ್ಲ. ಬುಟ್ಟಿ ನಮ್ಮದು, ದೋಣಿ ಗಂಡಸರದ್ದು. ಚಿಕ್ಕಿ ಸಣ್ಣವಳಿದ್ದಾಗ ಅಜ್ಜಯ್ಯ ಮತ್ತು ಅಣ್ಣಂದಿರು ಬಲೆಯಿಂದ ಬಂದವರು ಉಣ್ಣುತ್ತಾ ಹೇಳುತ್ತಿದ್ದರಂತೆ, ಅಲ್ಲಿಂದ ನೋಡಿದರೆ ನಮ್ಮ ಮನೆ ಬೆಂಕಿಪೊಟ್ಟಣದಷ್ಟು ಕಾಣುತ್ತದೆ, ತೆಂಗಿನ ಮರ ಕಡ್ಡಿಯ ಹಾಗೆ ಕಾಣುತ್ತದೆ ಎಂದು. ಇವಳು ದಿನಾ ಕರೆಯಲ್ಲಿ ನಿಂತು ಅವರನ್ನು ಕಾದಳು. ಅವರು ನೋಡುತ್ತಿದ್ದದ್ದು ಏನೆಂದು ಮಾತ್ರ ಇವಳು ನೋಡಲಿಲ್ಲ.

"ಮೀನ್ಗಾರ್ರ ಮನಿ ಗಂಡ್, ಮದಿ ಆದ್ ಮೇಲೆ ಒಂದ್ಸಲ ಆದ್ರೂ ಕರ್ಕಂಡ್ ಹೋತ್ರ್ ಅಂದೇಳಿ ಇದ್ದಿದ್ದೆ," ಚಿಕ್ಕಿ ಬೆಕ್ಕಿಗೊಂದು ಮೀನಿನ ತಲೆ ಎಸೆದಳು. "ಕಂಡ್ರೆ, ಇವ್ರಿಗ್ ದೋಣಿ ಹೆಸ್ರ್ ತೆಗೆದ್ರೆ ವಾಂತಿ!"

ನಾನು ಬಿದ್ದು ಬಿದ್ದು ನಕ್ಕೆ. ಚಿಕ್ಕಿಯೂ ನಕ್ಕಳು. ಚಿಕ್ಕಯ್ಯ ನಗಲಿಲ್ಲ. ಎದ್ದು ಒಳಗೆ ಹೋದರು.

ಮರುದಿನ ಸಂಜೆ ನನ್ನನ್ನು ತೆಂಗಿನ ಬುಡಕ್ಕೆ ಕರೆದು ಕವನ ಓದಿದರು. ಗಾಜಿಲ್ಲ, ಬಸ್ಸಿಲ್ಲ, ಅಂಜಲೂ ಇಲ್ಲ. ಇದ್ದದ್ದು ಒಂದು ಬುಟ್ಟಿ.

ಕಡಲ ಮೀನೆಲ್ಲ ಬಂದು ಬುಟ್ಟಿಗೆ ಬಿತ್ತು,
ಬುಟ್ಟಿ ಕಡಲನು ಕಂಡದ್ದಿಲ್ಲ.

ಹೀಗೆ ಶುರುವಾಗುವ ಸಣ್ಣ ಕವನ. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ? ಇಷ್ಟು ವರ್ಷ ಅವರನ್ನು ನೋಡಿ ನಕ್ಕ ನಾನು, "ಚಿಕ್ಕಯ್ಯಾ, ಭಾನುವಾರ ಇದನ್ ಓದಿ. ಬ್ರಹ್ಮಾವರ ಅಲ್ಲಾಡಿ ಹೋತ್!" ಎಂದೆ. ಅವರ ಮುಖ ಅರಳಿತು. ಕಾಗದ ಮಡಚಿ ಕಿಸೆಗೆ ಹಾಕಿಕೊಂಡರು. ಆಮೇಲೆ ಕೇಳಿದರು, "ಅಲ್ಲ ಹೆಣೇ, ಇದನ್ನ ನಾನ್ ಓದಿ ಚಪ್ಪಾಳೆ ತಕಂಡ್ ಬಂದ್ರೆ, ಅವ್ಳಿಗ್ ಎಂತ ಸಿಕ್ಕ್‌ತ್?"



ಶುಕ್ರವಾರ ಚಿಕ್ಕಯ್ಯ ನೇರವಾಗಿ ದೊಡ್ಡ ಮಾವನ ಮನೆಗೆ ಹೋದರು. ದೊಡ್ಡ ಮಾವ ಎಂದರೆ ಚಿಕ್ಕಿಯ ದೊಡ್ಡಣ್ಣ, ದೋಣಿಯ ಯಜಮಾನರು. ವಿಷಯ ಕೇಳಿ ಬಲೆ ಕಟ್ಟುವ ಕೈ ನಿಲ್ಲಿಸಿದರು.

"ನಿಂಗೆಂತ ಮರ್ಲಾ, ಹುಚ್ಚಾ ಭಾವ? ಹೆಂಗ್ಸ್ರ್ ಹತ್ತಿರೆ ಬಲಿಗ್ ಮೀನ್ ಬೀಳೂದಿಲ್ಲ."

"ಅಂದ್ ನಾನ್ ಅಣ್ಣಂದಿರ್ ದೋಣಿ ಹತ್ತಿ ಸಮುದ್ರಕ್ಕೇ ಕಾರಿ ಇಟ್ಟಿದ್ದೆ. ಮರ್ದಿನ ಮೀನ್ ಬೀಳ್ಳಿಲ್ಯಾ?"

"ಬಿದ್ದಿತ್ತ್..."

"ಅಷ್ಟ್ ಮಾಡಿರೂ ಮುನೀದೇ ಇದ್ದ ಸಮುದ್ರ, ಇವ್ಳ್ ಸುಮ್ನೆ ಕೂಕಂಡ್ರೆ ಮುನಿತ್ತಾ?"

 ದೊಡ್ಡ ಮಾವ ಬಲೆ ಕೆಳಗಿಟ್ಟು ಕೇಳಿದ್ದು ಒಂದೇ ಮಾತು: "ಅವ್ಳ್ ನನ್ ಹತ್ರ ಒಂದ್ಸಲ ಆದ್ರೂ ಎಂತಕ್ ಹೇಳ್ಳಿಲ್ಲ?"

ಶನಿವಾರ ಬೆಳಿಗ್ಗೆ ಚಿಕ್ಕಿ ಮದುವೆಗೆ ಹೊರಟವಳ ಹಾಗೆ ತಲೆಗೆ ಹೂ ಮುಡಿದು ಬಂದಳು. ನನಗೊಂದು ಕೆಲಸ ವಹಿಸಿದ್ದರು. ದೂರದಿಂದ ಚಿಕ್ಕಿಯ ಮನೆ ಗುರುತು ಸಿಗಲೆಂದು ಅವಳ ಕೆಂಪು ಸೀರೆಯನ್ನು ಹಂಚಿನ ಮಾಡಿನ ಮೇಲೆ ಹರವುವುದು. ಹರವಿ ಓಡಿಬಂದು ಕರೆಯಲ್ಲಿ ನಿಂತೆ. ಚಿಕ್ಕಿಯ ಅತ್ತಿಗೆಯಂದಿರು, ಅಕ್ಕಪಕ್ಕದ ಹೆಂಗಸರು ಎಲ್ಲ ಬುಟ್ಟಿ ಕೆಳಗಿಟ್ಟು ನಿಂತಿದ್ದರು. ಚಿಕ್ಕಯ್ಯ ದೋಣಿಗೆ ಕಾಲಿಡುವ ಮೊದಲೇ ಕಣ್ಣು ಮುಚ್ಚಿಕೊಂಡರು. "ನೀವ್ ಬಪ್ಪುದ್ ಬೇಡ, ಅಣ್ಣ ಇದ್ರಲೆ," ಎಂದಳು ಚಿಕ್ಕಿ. "ನಾನ್ ಕರ್ಕಂಡ್ ಹೋಪುದ್ ಅಂದೇಳಿ ಅಲ್ದಾ ನೀನ್ ಇದ್ದದ್ದ್?" ಎಂದು ಅವರು ಹತ್ತಿಯೇ ಬಿಟ್ಟರು.

ಎಂಜಿನ್ ಶಬ್ದ ಸಣ್ಣದಾಯಿತು, ದೋಣಿಯೂ ಸಣ್ಣದಾಯಿತು. ದೂರದಲ್ಲಿ ಒಬ್ಬರು ನೆಟ್ಟಗೆ ನಿಂತಿದ್ದರು, ಒಬ್ಬರು ದೋಣಿಯ ಅಂಚಿಗೆ ಬಗ್ಗಿದ್ದರು. ಯಾರು ಯಾರೆಂದು ನಾನು ಹೇಳಬೇಕೇ?

ವಾಪಸು ಬಂದಾಗ ಚಿಕ್ಕಯ್ಯನನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು. ಚಿಕ್ಕಿ ತಾನೇ ಜಿಗಿದು ಇಳಿದಳು.

"ಕಂಡ್ತಾ ಚಿಕ್ಕಿ?"

"ಕಂಡ್ತ್! ಬೆಂಕಿಪೊಟ್ಟಣ ಅಲ್ಲ ಹೆಣೇ, ಅದ್ಕಿಂತ ದೊಡ್ಡದೇ ಇತ್ತ್ ನಮ್ಮನಿ!" ಎಂದಳು. ಆಮೇಲೆ ದನಿ ತಗ್ಗಿಸಿ, "ಸೀರಿ ಉಲ್ಟಾ ಹಾಕಿದ್ಯಲೆ, ಅಲ್ಲಿಂದ್ಲೇ ಗೊತ್ತಾಯ್ತ್," ಎಂದಳು. ಮರುದಿನ ದೊಡ್ಡ ಮಾವನ ಬಲೆಗೆ ಮೀನು ಬಿದ್ದಿತೇ ಎಂದು ಊರೇ ಕಾದಿತ್ತು. ಬಿದ್ದಿತ್ತು. ಹಿಂದಿನ ವಾರ ಬಿದ್ದಷ್ಟೇ ಬಿದ್ದಿತ್ತು.

ಭಾನುವಾರ ಬ್ರಹ್ಮಾವರ. ನಾವು ಮನೆಯವರೆಲ್ಲ ಹಿಂದಿನ ಸಾಲಿನಲ್ಲಿ ಕೂತೆವು. ಬಿಜೂರಿನ ಆ ಅಜ್ಜಿಯೂ ಬಂದಿದ್ದಳು, ತನ್ನ ಕಾಶಿ ಕವನದಲ್ಲಿದೆಯೇ ಎಂದು ನೋಡಲು. ಕವಿಗಳು ಒಬ್ಬೊಬ್ಬರಾಗಿ ಬಂದು ಗಾಜು ಒಡೆದರು, ದೀಪ ಆರಿಸಿದರು, ಹೂ ಬಾಡಿಸಿದರು. ಚಿಕ್ಕಯ್ಯನ ಹೆಸರು ಕರೆದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕಿಸೆಯಿಂದ ಕಾಗದ ತೆಗೆದು ಬಿಡಿಸಿದರು. ನಾನು ಚಪ್ಪಾಳೆಗೆ ಕೈ ಸಿದ್ಧ ಮಾಡಿಕೊಂಡೆ. ಅವರು ಕಾಗದ ನೋಡಿದರು, ಹಿಂದಿನ ಸಾಲಿನಲ್ಲಿದ್ದ ಚಿಕ್ಕಿಯನ್ನು ನೋಡಿದರು, ಕಾಗದ ಮಡಚಿದರು.

"ನಾನ್ ಒಂದ್ ಕವನ ಬರ್ದಿದ್ದೆ, ಮೇಷ್ಟ್ರೇ. ನಿಜದ್ದೇ. ಆದ್ರೆ ಆ ಕನ್ಸ್ ನಿನ್ನೆ ಬೆಳಿಗ್ಗೆ ಈಡೇರ್ತ್. ಈಗ ಈಡೇರಲಿಲ್ಲ ಅಂದೇಳಿ ಓದಿರೆ ಸುಳ್ಳಾತ್. ಕ್ಷಮ್ಸಿ."

ಕೈಮುಗಿದು ಇಳಿದುಬಿಟ್ಟರು! ಸಭೆಗೆ ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ಮೇಷ್ಟ್ರು ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕುಂದಾಪುರ ದಾರಿಯಾಗಿ ಬೈಂದೂರಿಗೆ ಹೋಗುವ ಬಸ್ಸಿನಲ್ಲಿ ಚಿಕ್ಕಯ್ಯ ಮತ್ತು ಚಿಕ್ಕಿ ನನ್ನ ಎದುರಿನ ಸೀಟಿನಲ್ಲಿದ್ದರು.  ಕೋಟ ದಾಟಿದ ಮೇಲೆ ಚಿಕ್ಕಿ ಶುರುಮಾಡಿದಳು.

"ಎಷ್ಟ್ ವರ್ಷದಿಂದ ಸ್ಟೇಜ್ ಹತ್ತಿ ಓದ್ಕ್ ಅಂದೇಳಿ ಕುಣ್ದಿದ್ರಿ. ನನ್ನಿಂದ ಅದೂ ಆಯ್ಲಿಲ್ಲ."

ಚಿಕ್ಕಯ್ಯ ತಟ್ಟನೆ ಅವಳ ಕಡೆ ತಿರುಗಿದರು. ಮುಖದಲ್ಲಿ ಏನು ಖುಷಿ! "ಅರೆ, ಹೌದಲೆ! ಈಗ ನಂಗೂ ಒಂದ್ ಈಡೇರದ್ ಕನ್ಸ್ ಆಯ್ತಲೆ ಮಾರಾಯ್ತಿ!"

"ಆಯ್ತಾ? ಅದನ್ನೂ ಉಳ್ಸೂಕ್ ಬಿಡೂದಿಲ್ಲ ನಾನ್. ಎದ್ದ್ ನಿಂತ್ಕಂಡ್ ಓದಿ ಕಾಂಬ."

"ಇಲ್ಲಿಯಾ? ಬಸ್ಸಗಾ?"

"ಇಲ್ಲೇ. ದೋಣಿಗ್ ಬಂದವ್ರಿಗ್ ಬಸ್ಸಗೆ ಎಂತ ನಾಚ್ಕಿ?"

ಚಿಕ್ಕಯ್ಯ ಎದ್ದರು. ಮೇಲಿನ ಸರಳನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕಾಗದ ಹಿಡಿದು ಗಂಟಲು ಸರಿಮಾಡಿಕೊಂಡರು. ಕಂಡಕ್ಟರ್ "ಹ್ವಾಯ್, ಕೂಕಣಿ ಮಾರ್ರೆ, ಬ್ರೇಕ್ ಹಾಕ್ರೆ ಬೀಳ್ತ್ರಿ!" ಎಂದು ಕೂಗಿದ. ಚಿಕ್ಕಿ ಅವನಿಗೆ ಸುಮ್ಮನಿರುವಂತೆ ಕೈ ಮಾಡಿದಳು.

"ಕಡಲ ಮೀನೆಲ್ಲ ಬಂದು ಬುಟ್ಟಿಗೆ ಬಿತ್ತು,
ಬುಟ್ಟಿ ಕಡಲನು ಕಂಡದ್ದಿಲ್ಲ..."

"ಕಂಡಿತ್," ಎಂದಳು ಚಿಕ್ಕಿ, ಮೆಲ್ಲಗೆ. ಚಿಕ್ಕಯ್ಯ ಕಾಗದ ಮಡಚಿ ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂತರು.